ಬಾನೂ ಕಚ್ಚಿದ್ದು

ಶರೀಫಾ,

ನಿಜಾಮನ ಆಳ್ವಿಕೆ ಮುಗಿದ ವಾರ ನಮ್ಮೂರಿನವರೇ ನಿನ್ನನ್ನು ಕಡಿದರು. ಬದುಕುಳಿದ ನಿನ್ನ ಐದು ವರ್ಷದ ಬಾನೂ ಈಗ ಭಾಲ್ಕಿಯ ಅನಾಥ ಮಕ್ಕಳ ಶಿಬಿರದಲ್ಲಿದ್ದಾಳೆ. ನಾನು ಅಲ್ಲಿ ಆಯಾ.

ಇವತ್ತು ಎತ್ತಿಕೊಳ್ಳಲು ಹೋದರೆ ರಕ್ತ ಬರುವಂತೆ ನನ್ನ ಕೈ ಕಚ್ಚಿದಳು. ಮೇಲ್ವಿಚಾರಕಿ ಅನುಸೂಯಾಬಾಯಿ ಅವಳ ಮೇಲೆ ಕೋಲೆತ್ತಿದಳು.

"ಗುಂಡಮ್ಮ, ಬಿಡ್ರಿ ಆಕೀನ. ದಿನಾ ಎತ್ಕೊಂಡ್ರ ಚಟಾ ಹತ್ತತದ."

"ನನಗ ಹೊಡೀರಿ. ನಾ ಬಿಡಂಗಿಲ್ಲ."

ಏಟು ನನ್ನ ಬೆನ್ನಿಗೆ ಬಿತ್ತು. ಬಾನೂ ಒದ್ದಳು, ಪರಚಿದಳು, ಕೊನೆಗೆ ನನ್ನ ಎದೆಗೆ ಮುಖ ಒತ್ತಿ ನಿದ್ದೆಹೋದಳು.

ಎದ್ದವಳೇ ಕೇಳಿದಳು: "ಮೌಶಿ, ಅವತ್ತ ಅಮ್ಮಿ ನಿಮ್ಮ ಬಾಗಲಾ ಬಡದಾಗ ನೀವು ಮನ್ಯಾಗ ಇದ್ದಿಲ್ಲೇನ್ರಿ?"

"ಇದ್ದಿಲ್ಲವ್ವಾ" ಎಂದೆ.

ನಾನು ಒಳಗಿನಿಂದ ಅಗಳಿ ಹಾಕಿದ ಸದ್ದು ನಿನಗೆ ಕೇಳಿಸಿತ್ತು.

ಗುಂಡಮ್ಮ