ಉಡಿ ತುಂಬಿ ಆಟದಿಂದ ಕಳಿಸಿದ ಸಾಹೇಬರಿಗೆ

ಮೂರು ತಾಲ್ಲೂಕುಗಳ ಮೊಬೈಲ್ ಗೇಮ್ ಪಂದ್ಯಾವಳಿಯ ಮುಖ್ಯ ತೀರ್ಪುಗಾರರಾದ ಮಾನ್ಯರೇ,

ನನ್ನ ಅಕ್ಕನ ಮಗಳು ಮಹೇಶ್ವರಿ ಮಸ್ಕಿಯ ಸುತ್ತಿನಲ್ಲಿ ಗೆದ್ದಳು. ಗೆದ್ದ ತಪ್ಪಿಗೆ ತಾವು ಆಕೆಯನ್ನು ತಂಡದಿಂದ ಇಳಿಸಿದಿರಿ. "ಇದು ಹೆಣ್ಣುಮಗಳು ಆಡಿದ ಆಟವಲ್ಲ, ಹಿಂದೆ ಯಾರೋ ಗಂಡಸು ಇದ್ದಾನೆ" ಎಂದು ತೀರ್ಪು ಕೊಟ್ಟು, ವೇದಿಕೆಗೆ ಕರೆದು, ಸಮಿತಿಯ ಹೆಣ್ಣುಮಗಳ ಕೈಯಿಂದ ಅಕ್ಕಿ, ಕೊಬ್ಬರಿ, ಖಣ ಹಾಕಿ ಉಡಿ ತುಂಬಿಸಿ, ಮಹಿಳಾ ವಿಭಾಗದಲ್ಲಿ ಕೇಕಿಗೆ ಬಣ್ಣ ಬಳಿಯುವ ಗೇಮಿಗೆ ಕೂಡಿಸಿದಿರಿ. ಬರುವ ಭಾನುವಾರ ಲಿಂಗಸುಗೂರಿನಲ್ಲಿ ಫೈನಲ್ಲು. ತಂಡದ ಮೂವರು ಹುಡುಗರು ಉಳಿದಿದ್ದಾರೆ, ನಡೆಸುವಾಕೆ ಇಲ್ಲ. ರುಂಡ ಕಡಿದು ಮುಂಡಕ್ಕೆ ಹಾರ ಹಾಕುವುದು ಅಂದರೆ ಇದೇ ಇರಬೇಕು.

ಬರೆಯುವವನು ಯಾರು ಅಂತ ತಮಗೆ ನೆನಪಿರಬಹುದು. ಮೀಸೆ ನೋಡಿದವರು ಮರೆಯುವುದಿಲ್ಲ. ದಢೇಸುಗೂರಿನ ದೊಡ್ಡಬಸಪ್ಪ. ಓದಿದ್ದು ಊರ ಸಾಲಿಯಲ್ಲಿ ಏಳನೆಯ ತರಗತಿ, ಅದೂ ಮಾಸ್ತರರೇ ಸಾಕು ಅಂದದ್ದಕ್ಕೆ. ನನಗೆ ಇನ್ನೂ ದಮ್ಮಿತ್ತು. ಚಿನ್ನಿದಾಂಡಿನಲ್ಲಿ ನಾನು ಹೊಡೆದ ಚಿನ್ನಿ ಕಾಲುವೆ ದಾಟಿ ಬೇರೆ ಊರಿನವರ ಗದ್ದೆಯಲ್ಲಿ ಬೀಳುತ್ತಿತ್ತು. ಅದನ್ನು ವಾಪಸ್ ತರಲು ಹಿರಿಯರು ಕೂಡಿ ಮಾತಾಡಬೇಕಾಗುತ್ತಿತ್ತು. ಆಟದ ವಿಷಯದಲ್ಲಿ ನನ್ನ ಮಾತಿಗೆ ಸುತ್ತ ನಾಲ್ಕು ಊರಲ್ಲಿ ಕಿಮ್ಮತ್ತಿದೆ. ಬೇಕಾದರೆ ವಿಚಾರಿಸಿರಿ. ಐದನೇ ಊರಲ್ಲಿ ಮಾತ್ರ ಬೇಡ.

ಈಗ ಆಟಕ್ಕೆ ಬರೋಣ. ನಾಲ್ವರ ತಂಡ ವಿಮಾನದಿಂದ ಜಿಗಿದು, ಬಂದೂಕು ಹುಡುಕಿಕೊಂಡು, ಉಳಿದವರನ್ನೆಲ್ಲ ಮಲಗಿಸಿ ಕೊನೆಗೆ ತಾವಷ್ಟೇ ಉಳಿಯಬೇಕು. ಗಂಡುಹುಡುಗರು ಏನು ಮಾಡುತ್ತಾರೆ? ನೆಲ ಮುಟ್ಟಿದ ಕೂಡಲೇ "ಬರ್ರಲೇ" ಅಂತ ಮುಂದೆ ನುಗ್ಗುತ್ತಾರೆ, ಸಾಯುತ್ತಾರೆ. ಮಹೇಶ್ವರಿ ತನ್ನ ಹುಡುಗರನ್ನು ಹಿಂದಕ್ಕೆ ನಡೆಸುತ್ತಾಳೆ. ತಾವು ಅದಕ್ಕೇ ಅನುಮಾನಪಟ್ಟಿರಿ. "ಇಂಥ ಯುದ್ಧತಂತ್ರ ಮಿಲಿಟರಿಯವರಿಗೆ ಮಾತ್ರ ಗೊತ್ತು" ಎಂದಿರಿ. ಸಾಹೇಬರೇ, ತಾವು ಕಾರಿನ ಗ್ಲಾಸು ಇಳಿಸಿ ಎಂದಾದರೂ ನಮ್ಮ ಗದ್ದೆ ನೋಡಿದ್ದುಂಟೆ? ನನ್ನ ಅಕ್ಕ ಪಾರ್ವತೆಮ್ಮ ಭತ್ತದ ಸಸಿ ಹಚ್ಚುವ ಹೆಣ್ಣಾಳುಗಳ ಗುಂಪಿಗೆ ಮೇಸ್ತ್ರಿ. ಸಸಿ ಹಚ್ಚುವವರು ಮುಂದೆ ನಡೆಯುವುದಿಲ್ಲ. ನಡೆದರೆ ಹಚ್ಚಿದ್ದನ್ನೇ ತುಳಿಯುತ್ತಾರೆ. ಸಾಲು ಕಟ್ಟಿ, ಬಗ್ಗಿ, ಕಣ್ಣು ಮುಂದಿಟ್ಟು ಹಿಂದೆ ಹಿಂದೆ ಸರಿಯುತ್ತಾರೆ. ಒಬ್ಬಾಕೆ ತಡವಾದರೂ ಸಾಲು ಸೊಟ್ಟ. ಹಾಗಾಗಿ ನಮ್ಮ ಅಕ್ಕನ ಗಂಟಲಿಗೆ ಬಿಡುವಿಲ್ಲ. ಕಾಲೇಜಿನ ರಜೆಯಲ್ಲಿ ಆ ಸಾಲಿನಲ್ಲೇ ಬಗ್ಗಿದ ಮಗಳು ಫೋನು ಹಿಡಿದರೂ ಅದೇ ಗಂಟಲು: "ಜಬೀ, ಸಾಲು ಬಿಡಬ್ಯಾಡ. ನಿಂಗ್ಯಾ, ಹಿಂದಕ ಸರಿ, ಮಾರಿ ಮುಂದಿರಲಿ." ಜಬೀವುಲ್ಲಾ, ನಿಂಗರಾಜ, ಹುಲಿಗೇಶ, ಮೂವರೂ ಹೇಳಿದಂತೆ ಸರಿಯುತ್ತಾರೆ. ಎದುರಿನವರು "ಓಡಿ ಹೊಂಟಾರಲೇ" ಅಂತ ಕೇಕೆ ಹೊಡೆದು ಮೈಮೇಲೆ ಬರುತ್ತಾರೆ. ಬಂದವರು ಬಂದಲ್ಲೇ ಮಲಗುತ್ತಾರೆ.

ಗೇಮಿನ ಮೈಕಿನಲ್ಲಿ ಆಕೆಯ ದನಿ ಕೇಳಿದ ಕೂಡಲೇ ಎದುರು ತಂಡದವರಿಗೆ ಏನೋ ಆಗುತ್ತದೆ. ಮಸ್ಕಿಯಲ್ಲಿ ನನ್ನ ಕಿವಿಯಾರೆ ಕೇಳಿದೆ.

"ಲೇ, ಹುಡುಗಿ ಬಂದಾಳಲೇ. ಏ, ಹೋಗಬೇ, ಅಡಿಗಿ ಮಾಡಹೋಗು."

"ಮಾಡಿಟ್ಟಽ ಬಂದೀನಿ," ಅಂದಳು ನಮ್ಮ ಹುಡುಗಿ. "ನೀ ಎದಕ ಗ್ವಾಡಿ ಹಿಂದ ಅಡಗೀದಿ? ಬಾ, ಬಡಸ್ತೀನಿ."

ಅವನು ಬಂದ. ಬಡಿಸಿದಳು.

ಇದನ್ನೆಲ್ಲ ತಾವು ಪಕ್ಕದಲ್ಲೇ ನಿಂತು ಕೇಳಿದಿರಿ. ಬೈದವನಿಗೆ ಒಂದು ಮಾತು ಅಂದಿರಾ? ಇಲ್ಲ. ಆಕೆಗೆ ಬುದ್ಧಿ ಹೇಳಿದಿರಿ: "ನೋಡಮ್ಮಾ, ಮೈಕ್ ಬಂದ್ ಮಾಡಿ, ಒಂದು ಹುಡುಗನ ಹೆಸರಿಟ್ಟುಕೊಂಡು ಆಡಿದರೆ ಯಾರ ತಕರಾರೂ ಇರುವುದಿಲ್ಲ." ಎಂಥ ಅಪರೂಪದ ನ್ಯಾಯ. ಹೋರಿ ಹಾಯುತ್ತದೆ ಅಂತ ಗೊತ್ತಾದರೆ ಹೋರಿಯನ್ನು ಕಟ್ಟುತ್ತಾರೋ, ಊರವರಿಗೆಲ್ಲ ಕೋಡು ಹಚ್ಚುತ್ತಾರೋ? ಮೈಕ್ ಬಂದ್ ಮಾಡಿದರೆ ಸಾಲು ಕಾಯುವವರು ಯಾರು, ತಾವೇ?

ಗೆದ್ದ ಮೇಲೆ ಶುರುವಾಯಿತು ತಮ್ಮ ವಿಚಾರಣೆ. ಜೊತೆಗೆ ಬಂದ ಗಂಡಸರು ಯಾರು ಅಂದಿರಿ. ನಾನು ಎದ್ದುನಿಂತೆ. ತಮ್ಮ ಕಣ್ಣು ನನ್ನ ಮೀಸೆಯ ಮೇಲೆ ಬಿತ್ತು. "ಗೊತ್ತಾಯಿತು ಬಿಡಿ. ತಲೆ ನಿಮ್ಮದು, ಅಲ್ಲವೇ?" ಅಂದಿರಿ. ಸುಳ್ಳು ಯಾಕೆ ಹೇಳಲಿ, ಆ ಮಾತು ಕೇಳಿ ಎದೆ ಸ್ವಲ್ಪ ಉಬ್ಬಿತು. ಕೈ ತನ್ನಷ್ಟಕ್ಕೆ ಮೀಸೆಗೆ ಹೋಯಿತು. ಮಹೇಶ್ವರಿ ನನ್ನ ಕಡೆ ನೋಡಿದಳು. "ಮಾಮಾ, ಕೈ ಕೆಳಗಿಳಸು," ಅಂದಳು. ಇಳಿಸಿದೆ. ತಲೆ ನನ್ನದಲ್ಲ ಅಂತ ಹೇಳಿದೆ. ತಾವು ನಂಬಲಿಲ್ಲ. ಪರೀಕ್ಷೆಗೆ ಅಂತ ಫೋನು ನನ್ನ ಕೈಗೆ ಕೊಟ್ಟಿರಿ.

ಮುಂದಿನದಕ್ಕೆ ಇಡೀ ಸಭೆ ಸಾಕ್ಷಿ. ನಾನು ಫೋನು ತಲೆಕೆಳಗೆ ಹಿಡಿದಿದ್ದೆ. ಜಬೀವುಲ್ಲಾ ತಿರುಗಿಸಿ ಕೊಟ್ಟ. ವಿಮಾನದಿಂದ ಎಲ್ಲರೂ ಜಿಗಿದರು, ನಾನು ಮಾತ್ರ ಕೂತೇ ಇದ್ದೆ. ಟಿಕೀಟು ತಗೊಂಡ ಮೇಲೆ ಕೊನೆಯ ಸ್ಟಾಪಿನ ತನಕ ಹೋಗುವುದು ನಮ್ಮ ರೂಢಿ. ಕಡೆಗೆ ವಿಮಾನವೇ ನನ್ನನ್ನು ಸಮುದ್ರಕ್ಕೆ ಕೆಡವಿತು. ಕಾಲುವೆಯಲ್ಲಿ ಈಜು ಕಲಿತವನು ನಾನು, ಆದರೆ ಈಜುವ ಗುಂಡಿ ಎಲ್ಲಿದೆ ಅಂತ ಯಾರೂ ಹೇಳಿರಲಿಲ್ಲ. ಒಂದು ಗುಂಡು ಹಾರಿಸದೆ, ಯಾರ ಕೈಯಲ್ಲೂ ಸಾಯದೆ, ನೀರು ಕುಡಿದು ಸತ್ತೆ. ಹುಲಿಗೇಶ ನಕ್ಕು ನಕ್ಕು ಕುರ್ಚಿಯಿಂದ ಬಿದ್ದ.

ಇಷ್ಟಾದ ಮೇಲೆ ತಾವು ಏನೆಂದಿರಿ? "ಬೇಕಂತಲೇ ಸತ್ತಿರಿ. ಹುಡುಗಿಯನ್ನು ಉಳಿಸಲು ನಾಟಕ."

ಯೋಚಿಸಿ ನೋಡಿರಿ ಮಾನ್ಯರೇ. ಕಣ್ಣೆದುರಿಗೆ ಗೆದ್ದ ಹುಡುಗಿಯ ಗೆಲುವು ಸುಳ್ಳು. ಕಣ್ಣೆದುರಿಗೆ ಮುಳುಗಿದ ಗಂಡಸಿನ ಸೋಲೂ ಸುಳ್ಳು. ಗಂಡಸಿಗೆ ಆಟ ಬರುವುದಿಲ್ಲ ಅಂತ ಒಪ್ಪಲು ತಮಗೆ ಇಷ್ಟು ಕಷ್ಟವಾದರೆ ಸಮುದ್ರಕ್ಕೆ ಬಿದ್ದ ನನಗೆ ಎಷ್ಟಾಗಿರಬೇಡ? ನಾನೇ ಒಪ್ಪಿಕೊಂಡಿದ್ದೇನೆ. ತಮ್ಮದೇನು ಗಂಟು ಹೋಗುತ್ತದೆ?

ಇನ್ನು ತಮ್ಮ ಮಹಿಳಾ ವಿಭಾಗ. ಗಂಡಸರಿಗೆ ಬಂದೂಕು, ಹೆಂಗಸರಿಗೆ ಕೇಕು. ನಮ್ಮ ಮನೆಗಳಲ್ಲಿ ಕೇಕು ಮಾಡುವುದಿಲ್ಲ, ರೊಟ್ಟಿ ಬಡಿಯುತ್ತಾರೆ. ನಸುಕಿನಲ್ಲಿ ಆ ಬಡಿತ ಕೇಳಿ ಬೆಳೆದವರು ಬಂದೂಕಿಗೆ ಬೆಚ್ಚುವುದಿಲ್ಲ. ಮಹೇಶ್ವರಿ ಆ ಕೇಕಿಗೆ ಪೂರ್ತಿ ಕಪ್ಪು ಬಣ್ಣ ಬಳಿದು ಎದ್ದು ಬಂದಳು. ಅದಕ್ಕೂ ಎರಡನೇ ಬಹುಮಾನ ಬಂತು ಅನ್ನುವುದು ತಮ್ಮ ವಿಭಾಗದ ಯೋಗ್ಯತೆ. ವಾಪಸ್ ಬರುವಾಗ ಸಿಂಧನೂರಿನಲ್ಲಿ ಬಸ್ಸಿಳಿಯುತ್ತ ಅಂದಳು: "ಸೋತಿದ್ರ ಸುಮ್ನ ಇರ್ತಿದ್ದೆ ಮಾಮಾ."

ಮನೆಗೆ ಬಂದು, ಆ ಉಡಿಯನ್ನು ತಮ್ಮ ಮೇಜಿನ ಮೇಲೆ ಸುರಿದು ಬರುತ್ತೇನೆ ಅಂತ ನಾನು ಎಗರಾಡಿದೆ. ಅಕ್ಕ ಅಕ್ಕಿಯಲ್ಲಿನ ಹರಳು ಆರಿಸುತ್ತ ಕೂತಿದ್ದಳು. ತಮ್ಮ ಸಮಿತಿಯ ಅಕ್ಕಿಯಲ್ಲಿ ಹರಳು ಬಹಳ.

"ತುಂಬಿದ ಉಡಿ ಯಾರರ ತಿರುಗಿ ಕೊಡ್ತಾರೇನೋ ಹುಚ್ಚಾ? ಮನಿಮಗಳಿಗೆ ಉಡಿ ತುಂಬಿ ಕಳಸೋದು ಎದಕ?"

"ಎದಕ?"

"ಮತ್ತ ಬಾ ಅನ್ನಾಕ."

ನನ್ನ ಬೇಡಿಕೆ ಇಷ್ಟೇ. ಭಾನುವಾರ ಲಿಂಗಸುಗೂರಿನಲ್ಲಿ ನಾಯಕಿಯ ಕುರ್ಚಿ ಖಾಲಿ ಇಡಿಸಿರಿ. ಮೈಕು ಚಾಲೂ ಇರಲಿ, ಆಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿಸಿರಿ, ಹೊಲಸು ಬಾಯಿಯವನನ್ನು ಎಬ್ಬಿಸಿ ಆ ಕೇಕಿನ ಮುಂದೆ ಕೂಡಿಸಿರಿ. ನನ್ನ ಮೇಲೆ ಇನ್ನೂ ಗುಮಾನಿ ಇದ್ದರೆ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡು ತಮ್ಮ ಪಕ್ಕದಲ್ಲೇ ಕೂಡುತ್ತೇನೆ. ಉಡಿಯ ಅಕ್ಕಿಯನ್ನು ಅನ್ನ ಮಾಡಿ ಉಂಡಾಗಿದೆ. ತಾವೇ ಕರೆದಿದ್ದೀರಿ, ಆಕೆ ಬರುತ್ತಾಳೆ.

ಇಂತಿ,
ಮಸ್ಕಿಯ ನೆಲದ ಮೇಲೆ ಕೂತು ಸಮುದ್ರದಲ್ಲಿ ಮುಳುಗಿದ,
ಊರೊಳಗೆ ಈಗ ಬರೇ "ಮಹೇಶ್ವರಿಯ ಮಾಮಾ" ಅನ್ನಿಸಿಕೊಳ್ಳುವ
ದೊಡ್ಡಬಸಪ್ಪ, ದಢೇಸುಗೂರು