ಮಾಪಣ್ಣನದೇ ದನಿ

ಮೇ 6, ಬ್ರಹ್ಮಪುರ

...ಭರೋಸಾ ಅಂದಳೋ, ನಂಬಿಕೆ ಅಂದಳೋ. ಎರಡರಲ್ಲೊಂದು ನನಗಿಲ್ಲ ಎಂದು ವಿದ್ಯಾವತಿಯ ದೂರು. ಬೆಳಿಗ್ಗೆ ಊಟದ ಡಬ್ಬಿ ಕಟ್ಟುತ್ತ ಹೇಳಿದ್ದು. ಡ್ಯೂಟಿಗೆ ಹೋಗುವ ಕಮಲಾಪುರದ ಬಸ್ಸಿನಲ್ಲಿ ಪೂರ್ತಿ ನೆನಪಾಗಲಿಲ್ಲ. ಇಪ್ಪತ್ತು ವರ್ಷದಿಂದ ಸಬ್‌ಸ್ಟೇಷನ್ ಆಪರೇಟರನ ಹೆಂಡತಿ. ಶಂಕೆಯೇ ನನ್ನ ಕೆಲಸ ಎಂದು ಗೊತ್ತಿರಬೇಕಿತ್ತು.

ಕಂಬ ಹತ್ತುವ ಮುಂಚೆ ಲೈನ್‌ಮನ್ ಮಾಪಣ್ಣ ನನ್ನಿಂದ ಲೈನ್ ಕ್ಲಿಯರ್, ಅಂದರೆ ಕೆಲಸದ ಪರವಾನಗಿ, ಪಡೆಯುತ್ತಾನೆ. ಕರೆಂಟ್ ತೆಗೆಯುತ್ತೇನೆ. ಕೆಲಸ ಮುಗಿದ ಮೇಲೆ ಅವನೇ ಫೋನಿನಲ್ಲಿ ಆ ಪರವಾನಗಿ ಮರಳಿಸಬೇಕು, ತನ್ನದೇ ದನಿಯಲ್ಲಿ. ಬೇರೆ ದನಿಗೆ ನಾನು ಸ್ವಿಚ್ ಮುಟ್ಟುವುದಿಲ್ಲ.

"ಮನಿಯಿಂದ ವೈನಿಯವ್ರು ಫೋನ್ ಮಾಡಿದ್ರೂ ದನಿ ತಪಾಸ್ ಮಾಡ್ತೀರೇನ್ರಿ ಸರ್?" ಎಂದು ನಕ್ಕ.

ಮಾಡುತ್ತೇನೆ.

ಮೇ 9

ರಾಯಚೂರಿನ ಕಲ್ಲಿದ್ದಲೋ, ಪಾವಗಡದ ಬಿಸಿಲೋ, ಶರಾವತಿಯ ನೀರೋ... ದೇಶದ ಗ್ರಿಡ್‌ನಲ್ಲಿ ಕಲೆತು ಇಲ್ಲಿಗೆ ಬರುವಷ್ಟರಲ್ಲಿ ಕರೆಂಟಿಗೆ ಊರಿಲ್ಲ, ಹೆಸರಿಲ್ಲ. ಏನೂ ಕೇಳದೆ ಹಂಚುತ್ತೇನೆ. ಮನುಷ್ಯರನ್ನು ಮಾತ್ರ ಯಾರು ಎಂದು ಕೇಳುತ್ತೇನೆ.

ಮೇ 10, ಮಧ್ಯಾಹ್ನ

ಗಾಳಿಗೆ ಕೆಂಬಾಳೆ ತೋಟಗಳ ಲೈನು ಹರಿದಿದೆ. ಮಾಪಣ್ಣನಿಗೆ ಲೈನ್ ಕ್ಲಿಯರ್ ಕೊಟ್ಟೆ. ಜೊತೆಗೆ ಇನ್ನೊಬ್ಬ ಲೈನ್‌ಮನ್, ಶಫಿ.

ಊಟದ ಹೊತ್ತಿಗೆ ಮಾಪಣ್ಣನ ನಂಬರಿನಿಂದ ಫೋನು. ದನಿ ಶಫಿಯದು.

"ಕೆಲಸ ಮುಗದದರಿ ಸರ್, ಲೈನ್ ಬಿಡ್ರಿ."

"ಮಾಪಣ್ಣ ಎಲ್ಲಿ?"

"ಅಣ್ಣ ಆ ಕಂಬದ ಕಡೆ ಇದ್ದಾನ್ರಿ. ಅಂವನೇ ಹೇಳು ಅಂದಾನ. ಖುದಾ ಕಸಮ್."

"ಅಂವಗ ಕೊಡು ಫೋನು."

"ಭಾಳ ಶಕ್ ಅದರಿ ಸರ್ ನಿಮಗ!"

ಫೋನಿಟ್ಟ; ಸ್ವಲ್ಪ ಹೊತ್ತಿಗೆ ಮತ್ತೆ ಅದೇ ನಂಬರು. ಈ ಸಲ ಮಾಪಣ್ಣ. ಅವನದೇ ದನಿ, ಅವನದೇ ಕೆಮ್ಮು. "ಬಿಡ್ರಿ ಸರ್. ಈಗರೆ ಖಾತ್ರಿ ಆಯ್ತೇನ್ರಿ?"

ಸ್ವಿಚ್ ಹಾಕಿದೆ. ಹಾಕಿದ ಕ್ಷಣವೇ ಟ್ರಿಪ್: ಲೈನಿಗೆ ಏನೋ ತಗುಲಿದೆ.

ಫೋನು ಎತ್ತುತ್ತಿಲ್ಲ—

ಮೇ 14

ಸೇಡಂ ರಸ್ತೆಯ ಆಸ್ಪತ್ರೆ. ಶಫಿಯ ಬಲಗೈ ತೆಗೆದಿದ್ದಾರೆ. ಫೋನನ್ನು ಮಾಪಣ್ಣನಿಗೆ ಕೊಟ್ಟು, ಮೇಲೆ ಮರೆತ, ನಟ್ಟು ಬಿಗಿಯುವ ಪಾನಾ ತರಲು ತನ್ನ ಕಂಬಕ್ಕೆ ಮತ್ತೆ ಹತ್ತಿದ್ದನಂತೆ. ಬಾಳೆ ಎಲೆಗಳ ಮರೆ. ಮಾಪಣ್ಣನಿಗೆ ಕಾಣಲಿಲ್ಲವಂತೆ.

ಅಂತೆ.

ಶಫಿಯ ಹೆಂಡತಿ ಜೀನತ್ ವಾರ್ಡಿನ ಬಾಗಿಲಲ್ಲಿದ್ದಳು. "ಎರಡನೇ ಸಲ ಫೋನ್ ಯಾಕ ಮಾಡ್ಬೇಕಾಯ್ತ್ರಿ ಸರ್?"

ನಿಯಮ ಎಂದೆ. ದನಿ ನನ್ನದೇ ಅನ್ನಿಸಲಿಲ್ಲ.

ಮೇ 19

ವಿಚಾರಣೆ ಮುಗಿಯಿತು. ಸಾಹೇಬರು ಭುಜ ತಟ್ಟಿದರು: "ಆಪರೇಟರ್ ಅಂದ್ರ ಹಿಂಗಿರಬೇಕ್ರಿ." ಮಾಪಣ್ಣ ಸಸ್ಪೆಂಡ್. ಅವನ ಫೋನು ಸ್ವಿಚ್ ಆಫ್. ಮನೆಗೆ ಬೀಗ.

ಒಂದು ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ನಾನೂ ಎತ್ತಲಿಲ್ಲ. ಶಫಿಯ ಫೋನು ಬಂದಾಗ ಮಾಪಣ್ಣ ಇನ್ನೂ ಕಂಬದ ಮೇಲಿದ್ದರೆ, ನನ್ನ ಶಂಕೆ ಅವನ ಜೀವ ಉಳಿಸಿತು. ಕೆಳಗಿಳಿದಿದ್ದರೆ, ಆಗಲೇ ಲೈನ್ ಬಿಡಬಹುದಿತ್ತು. ಇಬ್ಬರೂ ನೆಲದ ಮೇಲೆ. ಪಾನಾ ಕಂಬದಲ್ಲೇ, ಕೈ ಶಫಿಯಲ್ಲೇ...

ಮಾಪಣ್ಣ, ಆಗ ನೀನು ಎಲ್ಲಿದ್ದೆ?