ಮುದ್ದೆ ಇಲ್ಲದ ಎಡೆ

೨೦ ಸೆಪ್ಟೆಂಬರ್ ೨೦೨೫, ಶನಿವಾರ. ಕೆಲ್ಲಿವಿಲ್.

ಬೆಳಿಗ್ಗೆಯಿಂದ ತಲೆಯಲ್ಲಿ ಆ ಮೊಸಳೆಯೇ ಕೂತಿದೆ. ತಾತ ಇಪ್ಪತ್ತನೇ ವಯಸ್ಸಿನಲ್ಲಿ ಬರ್ಮಾದ ಒಂದು ದ್ವೀಪದಲ್ಲಿ ಜಪಾನಿಯರ ಮೇಲೆ ಯುದ್ಧ ಮಾಡಿದವರು. ಅಲ್ಲಿಯ ಕೆಸರಿನಲ್ಲಿ ಗೆಳೆಯ ಬೋರೇಗೌಡನನ್ನು ಮೊಸಳೆ ಎಳೆದುಕೊಂಡು ಹೋಯಿತು ಎನ್ನುತ್ತಿದ್ದರು. ಹಿರಿಯರ ಹಬ್ಬದಲ್ಲಿ ನಮ್ಮವರ ಎಡೆಗಳ ಪಕ್ಕ ಅವನಿಗೂ ಒಂದು ಎಲೆ ಹಾಕುತ್ತಿದ್ದರು. ನಾಳೆ ಹಬ್ಬ. ಈ ಸಲ ಈ ಪರದೇಶದಲ್ಲಿ ನಾನೂ ಹಾಕಬೇಕೆಂದಿದ್ದೇನೆ.

ಸ್ಕೂಲ್ ಪ್ರಾಜೆಕ್ಟಿಗೆ ಇದನ್ನೆಲ್ಲ ಟೈಪ್ ಮಾಡುತ್ತಿದ್ದ ಚಿರಾಗ್, ಅವರು ಮೊಸಳೆಯನ್ನು ನಿಜವಾಗಿ ನೋಡಿದ್ದರಾ ಎಂದು ಇಂಗ್ಲಿಷಿನಲ್ಲೇ ಕೇಳಿದ. ಮಗನ ಮೇಲೆ ರೇಗಿದೆ. ಯಾಕೆ ರೇಗಬೇಕಿತ್ತು? ತಾತ ಪ್ರತಿ ಸಲವೂ ಒಂದೇ ಮಾತುಗಳಲ್ಲಿ ಹೇಳುತ್ತಿದ್ದರು, ಬಾಯಿಪಾಠ ಒಪ್ಪಿಸಿದ ಹಾಗೆ.

ಬೋರೇಗೌಡನ ಎಲೆಗೆ ಏನು ಬಡಿಸುತ್ತಿದ್ದರೆಂದು ಕೇಳಲು ಮೈಸೂರಿಗೆ ಫೋನ್ ಮಾಡಿದೆ.

"ಬರೀ ಅನ್ನ ಕಣೇ," ಅಂದಳು ಅಮ್ಮ. "ಬೇರೆ ಎಡೆಗೆಲ್ಲ ಮುದ್ದೆ ಇಟ್ರೂ ಅದಕ್ಕೆ ಮಾತ್ರ ಇಡೋಕೆ ಬಿಡ್ತಿರ್ಲಿಲ್ಲ ಮಾವ. ಪಾಪ, ಆ ಹುಡುಗನಿಗೆ ಮುದ್ದೆ ನುಂಗೋಕೆ ಬರಲ್ಲ ಅನ್ನೋರು."

ಬೋರೇಗೌಡ ಮದ್ದೂರಿನವನು. ಮಿಲಿಟರಿಯಲ್ಲೂ ನಿದ್ದೆಯಲ್ಲಿ ಮುದ್ದೆ ಮುದ್ದೆ ಎಂದು ಕನವರಿಸುತ್ತಿದ್ದನಂತೆ. ಅದನ್ನು ಹೇಳಿದವರೂ ತಾತನೇ.

ಹಾಗಾದರೆ ಅಷ್ಟು ವರ್ಷ ಅವರು ಕೈಯಾರೆ ಬಡಿಸಿದ್ದು ಯಾವ ಊರಿನ, ಯಾವ ಸೈನ್ಯದ ಹುಡುಗನಿಗೆ?

ರಾಗಿ ಹಿಟ್ಟು ತೆಗೆದಿಟ್ಟಿದ್ದೇನೆ. ಒಂದು ಎಲೆಗೆ ಮಾತ್ರ ಅನ್ನ. ಇದು ಯಾರಿಗೆ ಎಂದು ನಾಳೆ ಚಿರಾಗ್ ಕೇಳಿಯೇ ಕೇಳುತ್ತಾನೆ. ಮೊಸಳೆಯ ಕಥೆ ಹೇಳಲು ಇನ್ನು ನನ್ನಿಂದಾಗದು, ತಾತ ಬಚ್ಚಿಟ್ಟುಕೊಂಡು ಹೋದ ಇನ್ನೊಂದು ನನಗೆ ಗೊತ್ತಿಲ್ಲ.